ಸೂಲಂಗಿ ಮುರಿದ ಮುಂಜಾನೆ

ವಾರವೆಲ್ಲ ನಾನು ಭೂಮಿ ಅಳೆಯುತ್ತೇನೆ. ಆದಿತ್ಯವಾರ ಅದನ್ನು ಸುಮ್ಮನೆ ನೋಡುತ್ತೇನೆ. ಸರ್ವೆ ಇಲಾಖೆಯಲ್ಲಿ ನನ್ನ ನೌಕರಿ. ಮೊದಲು ಅಥಣಿಯಲ್ಲಿದ್ದೆ, ಈಗ ರಾಯಬಾಗದಲ್ಲಿ ಅವ್ವನನ್ನು ಕರೆದುಕೊಂಡು ಮನೆ ಮಾಡಿದ್ದೇನೆ. ನಮ್ಮ ಕಡೆ ಸರ್ವೆಗೆ ಮೋಜಣಿ ಎನ್ನುತ್ತಾರೆ. ಹೀಗಾಗಿ ಅಥಣಿ ಕಡೆಯ ಸತ್ತಿ ಊರಿನ ಹೊಳೆದಂಡೆಯಿಂದ ಹಿಡಿದು ಅನಂತಪುರದ ಹೊಲಗಳ ತನಕ ನನಗೆ ಇರುವುದು ಒಂದೇ ಹೆಸರು, ಮೋಜಣಿ ಮೇಡಮ್. ಅಪ್ಪ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಗಾಡಿ ಹೊಡೆಯುತ್ತಿದ್ದ, ನಾನು ಸಣ್ಣವಳಿದ್ದಾಗಲೇ ತೀರಿಕೊಂಡ. ಅವ್ವ ಮಂದಿಯ ಹೊಲದಲ್ಲಿ ಕೂಲಿ ಮಾಡಿದಳು. ನಮ್ಮ ಮನೆತನದಲ್ಲಿ ಡಿಗ್ರಿ ಎಂಬುದು ನನ್ನಿಂದಲೇ ಶುರುವಾಯಿತು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಸುಮ್ಮನೆ ಬಂದದ್ದಲ್ಲ ಅದು.

ಕ್ಯಾಮೆರಾ ಕೈಗೆ ಬಂದದ್ದು ನೌಕರಿ ಸಿಕ್ಕ ಮೇಲೆ. ಚಿಕ್ಕೋಡಿಯ ಒಬ್ಬ ಮದುವೆ ಫೋಟೋಗ್ರಾಫರ್ ಹೊಸದನ್ನು ಕೊಂಡಾಗ ಹಳೆಯದನ್ನು ನನಗೆ ಮಾರಿದ. ಅದರ ಜೊತೆ ಒಂದು ಮೂರು ಕಾಲಿನ ಸ್ಟ್ಯಾಂಡು. ಆ ಸ್ಟ್ಯಾಂಡಿನಿಂದ ನನಗಾದ ಫಜೀತಿ ಇನ್ಯಾವ ಫೋಟೋಗ್ರಾಫರಿಗೂ ಆಗಿರಲಿಕ್ಕಿಲ್ಲ. ಒಮ್ಮೆ ಅನಂತಪುರದ ಬಳಿ ಒಂದು ಒಂಟಿ ಬೇವಿನ ಮರದ ಚಿತ್ರ ತೆಗೆಯಲು ಅದನ್ನು ಊರಿ ನಿಂತಿದ್ದೆ. ಹೊಲದ ಆ ಕಡೆಯಿಂದ ಒಬ್ಬ ಓಡುತ್ತ ಬಂದ.

"ಮೇಡಮ್ರ, ಇವತ್ತ ಸೂಟಿ ಐತಲ್ರಿ! ನೋಟೀಸ ಇಲ್ದ ಮೋಜಣಿ ಹೆಂಗ ಮಾಡ್ತೀರಿ?"

ನಾನು ಬಾಯಿ ತೆರೆಯುವುದರೊಳಗೆ ಈ ಕಡೆಯಿಂದ ಅವನ ತಮ್ಮನೂ ಬಂದ. "ಮಾಡ್ರಿ ಮೇಡಮ್ರ, ಮಾಡ್ರಿ. ಇಂವಾ ಬದು ಒತ್ತಿದ್ದು ಇವತ್ತ ಬೈಲಿಗೆ ಬರ್ಲಿ."

ಅಣ್ಣ ತಮ್ಮ ಇಬ್ಬರೂ ಮರದ ಬುಡದಲ್ಲೇ ಜಗಳಕ್ಕೆ ನಿಂತರು. ನಾನು ಮರದ ಫೋಟೋ ತೆಗೆಯುತ್ತಿದ್ದೇನೆ ಎಂದರೆ ಇಬ್ಬರೂ ನಂಬಲಿಲ್ಲ. "ಗಿಡದ ಫೋಟೋ ಯಾಕರಿ? ಗಿಡಾ ಎಲ್ಲಿ ಓಡಿ ಹೊಕ್ಕೈತಿ?" ಎಂದು ಅಣ್ಣ ಕೇಳಿದ.

ಅವ್ವನದೂ ಇದೇ ತಕರಾರು. ನನ್ನ ಚಿತ್ರಗಳನ್ನು ಅವಳು ನೋಡುವ ರೀತಿಯೇ ಬೇರೆ. ನಿಪ್ಪಾಣಿ ಕಡೆಯ ತಂಬಾಕಿನ ಹೊಲಗಳ ಮೇಲೆ ಮೋಡದ ನೆರಳು ನಿಧಾನ ಸರಿದುಹೋಗುವುದನ್ನು ತೆಗೆದಿದ್ದೇನೆ. ಕಾಗವಾಡದ ದಾರಿಯಲ್ಲಿ ದ್ರಾಕ್ಷಿ ತೋಟದ ತಂತಿಗಳ ಮೇಲೆ ಇಬ್ಬನಿ ಸಾಲಾಗಿ ಕೂತದ್ದನ್ನು ತೆಗೆದಿದ್ದೇನೆ. ಸಣ್ಣ ಸ್ಟೇಶನ್ನಿನ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಹಳಿಗಳು ಬಿಸಿಲಿಗೆ ನಡುಗುತ್ತ ನೀರಿನಂತೆ ಕಾಣುವುದನ್ನು ತೆಗೆದಿದ್ದೇನೆ. ಆ ಹಳಿಗಳನ್ನು ನೋಡುತ್ತಾ ನಿಂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ರೈಲು ಬರುವ ಮೊದಲೇ ಅದರ ಸದ್ದು ಕಾಲಿನ ಮೂಲಕ ಏರಿ ಬರುತ್ತದೆ, ನಿದ್ದೆಯಲ್ಲಿ ಯಾರೋ ಹೆಸರು ಹಿಡಿದು ಕರೆದ ಹಾಗೆ. ಅವ್ವ ಮಾತ್ರ ಒಂದೊಂದೇ ಚಿತ್ರವನ್ನು ನೋಡಿ, ಎಲ್ಲ ಮುಗಿದ ಮೇಲೆ, "ಮಂದಿ ಎಲ್ಲಿ?" ಎನ್ನುತ್ತಾಳೆ.

"ಮಂದಿ ಇಲ್ಲವಾ. ಇದು ನಿಸರ್ಗದ ಫೋಟೋ."

"ಅಯ್ಯ, ಮಂದಿ ಇಲ್ದ ಫೋಟೋ ಹೆಣಾ ಎತ್ತಿದ ಮನಿ ಇದ್ಧಂಗ ಇರತೈತಿ. ಒಂದ ಆಡಾದ್ರೂ ನಿಂದ್ರಸಬಾರದಾ?"

ಇಷ್ಟೆಲ್ಲ ತೆಗೆದರೂ ನಾನು ನಿಜವಾಗಿ ತೆಗೆಯಬೇಕೆಂದಿದ್ದ ಚಿತ್ರ ಬೇರೆಯೇ ಇತ್ತು. ಅದನ್ನು ಹೇಳಬೇಕೆಂದರೆ ಕಾಲೇಜಿನ ದಿನಗಳಿಗೆ ಹೋಗಬೇಕು.

ಆಗ ನಾವು ಕುಡಚಿಯ ಹತ್ತಿರ, ಹೊಳೆದಂಡೆಯ ಒಂದು ಸಣ್ಣ ಊರಿನಲ್ಲಿದ್ದೆವು. ನಾನು ಬೆಳಗಿನ ಪ್ಯಾಸೆಂಜರಿಗೆ ಕುಡಚಿಯಲ್ಲಿ ಹತ್ತಿ ಮಿರಜಿನ ಕಾಲೇಜಿಗೆ ಹೋಗುತ್ತಿದ್ದೆ. ಸ್ಟೇಶನ್ ಬಿಟ್ಟು ಸ್ವಲ್ಪ ಹೊತ್ತಿಗೆ ಕೃಷ್ಣಾ ನದಿಯ ಪೂಲು, ಅಂದರೆ ಸೇತುವೆ, ಬರುತ್ತದೆ. ಪೂಲಿಗೆ ಮುಂಚೆ ಬಲಗಡೆ, ಹಳಿಗೆ ಹತ್ತಿಕೊಂಡೇ, ಒಬ್ಬ ಜೈನ ರೈತರ ಕಬ್ಬಿನ ಹೊಲ. ಅವ್ವ ಅಲ್ಲಿ ಕೂಲಿಗೆ ಹೋಗುತ್ತಿದ್ದಳು. ರೈಲು ಬರುವ ಹೊತ್ತಿಗೆ ಹೆಂಗಸರೆಲ್ಲ ಕೆಲಸಕ್ಕೆ ಇಳಿದಿರುತ್ತಿದ್ದರು. ಎಲ್ಲರ ತಲೆಯ ಮೇಲೂ ಸೆರಗು, ಎಲ್ಲರೂ ಬಗ್ಗಿದವರೇ. ಕಿಟಕಿಯಿಂದ ನೋಡಿದರೆ ನನ್ನ ಅವ್ವ ಯಾರು ಎಂದು ತಿಳಿಯುತ್ತಿರಲಿಲ್ಲ.

"ನಾ ಒಂದ ಖೂನಾ ಮಾಡ್ತೀನಿ ತಡಿ" ಎಂದಳು ಅವ್ವ. ಖೂನಾ ಎಂದರೆ ಗುರುತು.

ಮರುದಿನ ರೈಲು ಹೊಲದ ಬಳಿ ಬಂದಾಗ ಬಗ್ಗಿದವರ ನಡುವೆ ಒಬ್ಬಳು ನೆಟ್ಟಗೆ ನಿಂತಳು. ಅವಳ ಕೈಯಲ್ಲಿ ಒಂದು ಸೂಲಂಗಿ.

ಕಬ್ಬು ಬಲಿತು ಕಡಿಯುವ ಹೊತ್ತು ಬಂದರೂ ಹೊಲದಲ್ಲೇ ನಿಂತರೆ ಅದರ ನೆತ್ತಿಯಲ್ಲಿ ಬೆಳ್ಳಿಯ ಬಣ್ಣದ ಉದ್ದ ಗರಿಯಂಥ ಹೂ ಬಿಡುತ್ತದೆ. ಅದೇ ಸೂಲಂಗಿ. ಚಳಿಗಾಲದ ಮುಂಜಾನೆ ಇಡೀ ಹೊಲ ಸೂಲಂಗಿ ಬಿಟ್ಟಾಗ, ಹೊಳೆಯಿಂದ ಎದ್ದ ಮಂಜು ಅದರ ನಡುವೆ ಹೊಕ್ಕಾಗ, ಹೂ ಯಾವುದು ಮಂಜು ಯಾವುದು ಎಂದು ಬೇರೆ ಮಾಡಲು ಬರುವುದಿಲ್ಲ. ಆ ಬಿಳುಪಿನ ಮೇಲೆ ಒಂದು ಸೂಲಂಗಿ ಮಾತ್ರ ಆ ಕಡೆ ಈ ಕಡೆ ಆಡುತ್ತಿತ್ತು. ಅದರ ಕೆಳಗೆ ನನ್ನ ಅವ್ವ. ಮರುಕ್ಷಣ ರೈಲು ಧಡಧಡ ಸದ್ದು ಮಾಡುತ್ತ ಪೂಲಿನ ಮೇಲೆ ಏರುತ್ತಿತ್ತು, ಕೆಳಗೆ ಹೊಳೆ, ಡಬ್ಬಿಯಲ್ಲಿದ್ದವರು ಕೈಮುಗಿದು ನೀರಿಗೆ ಚಿಲ್ಲರೆ ಎಸೆಯುತ್ತಿದ್ದರು. ನಾನು ಮಾತ್ರ ಕತ್ತು ಹೊರಳಿಸಿ ಹಿಂದಕ್ಕೇ ನೋಡುತ್ತಿದ್ದೆ.

ಸಂಜೆ ಮನೆಗೆ ಬಂದು ಕೇಳುತ್ತಿದ್ದೆ. "ಅವ್ವಾ, ಇವತ್ತ ನಾ ಕಂಡ್ನಿ?"

"ಕಂಡಿ, ಕಂಡಿ. ಹೊರಗ ಅಷ್ಟ ಬಗ್ಗಬ್ಯಾಡ. ಕಂಬಕ್ಕ ತಲಿ ಬಡದೀತು."

ಸೂಲಂಗಿ ಇಲ್ಲದ ದಿನಗಳಲ್ಲಿ ತಲೆಯ ಸಿಂಬಿಯನ್ನು ಬಿಚ್ಚಿ ಬೀಸುತ್ತಿದ್ದಳು. ಆದರೆ ನನ್ನ ಮನಸ್ಸಿನಲ್ಲಿ ನಿಂತದ್ದು ಸೂಲಂಗಿಯೇ. ಡಿಗ್ರಿ ಮುಗಿಯುವ ತನಕ ನಾನು ಆ ಹೊಲವನ್ನು ರೈಲಿನಿಂದ ನೋಡಿದೆ. ಹೊಲದಿಂದ ಆ ರೈಲು ಹೇಗೆ ಕಾಣುತ್ತಿತ್ತು ಎನ್ನುವುದನ್ನು ಒಮ್ಮೆಯೂ ನೋಡಲಿಲ್ಲ. ಅವ್ವ ನಿಂತ ಜಾಗದಲ್ಲಿ ನಿಂತು, ಅವ್ವ ನೋಡಿದ್ದನ್ನು ನೋಡಬೇಕು. ಮುಂದೆ ಸೂಲಂಗಿ, ಹಿಂದೆ ಮಂಜಿನಲ್ಲಿ ಪೂಲು, ಪೂಲಿನ ಮೇಲೆ ಬೆಳಗಿನ ಗಾಡಿ. ಇದೇ ನನಗೆ ಬೇಕಾಗಿದ್ದ ಚಿತ್ರ.

ಬೇಕು ಬೇಕು ಎನ್ನುತ್ತಲೇ ವರ್ಷಗಳು ಹೋದವು. ಒಂದು ಚಳಿಗಾಲ ಕಬ್ಬು ಬೇಗ ಕಡಿದಿದ್ದರು, ಇನ್ನೊಂದರಲ್ಲಿ ನನಗೆ ಚುನಾವಣೆಯ ಕೆಲಸ. ಅಷ್ಟರಲ್ಲಿ ಹಳಿ ಜೋಡಿಯಾಯಿತು, ಹಳೆಯ ಪೂಲಿನ ಬೆನ್ನಿಗೆ ಹೊಸ ಪೂಲು ಎದ್ದಿತು. ಆಮೇಲೆ ಕರೆಂಟಿನ ಕಂಬಗಳು ಬಂದವು. ಸ್ಟೇಶನ್ ದಾಟಿ, ಹೊಲಗಳನ್ನು ದಾಟಿ, ಒಂದೊಂದಾಗಿ ಹೊಳೆಯ ಕಡೆಗೆ ನಡೆದು ಬಂದು, ಕೊನೆಗೆ ಪೂಲಿನ ಮೇಲೂ ನಿಂತವು. ತಂತಿ ಇನ್ನೂ ಬಂದಿರಲಿಲ್ಲ.

ಆ ಚಳಿಗಾಲದ ಒಂದು ಆದಿತ್ಯವಾರ ಕುಡಚಿ ಸ್ಟೇಶನ್ನಿನ ಹೊರಗೆ ಚಹಾ ಕುಡಿಯುತ್ತಿದ್ದಾಗ ಅಂಗಡಿಯ ಚಾಚಾ ಹೇಳಿದ: "ತಂತಿ ಎಳ್ಯಾವರು ಬಂದ ಇಲ್ಲೇ ಮುಕ್ಕಾಂ ಮಾಡ್ಯಾರ ಬೇಟಿ. ಬರೂ ಆದಿತ್ವಾರ ಮುಗದ ಕೂಡ್ಲೆ ಪೂಲ್ ಮ್ಯಾಲ ಎಳೀತಾರಂತ. ಆಮ್ಯಾಲ ಡೀಸೆಲ್ ಇಂಜಿನ್ ಖತಂ."

ಚಹಾ ಅರ್ಧಕ್ಕೆ ಬಿಟ್ಟು ಸ್ಕೂಟಿ ಹತ್ತಿ ಹೊಲಕ್ಕೆ ಹೋದೆ. ಬೆಳಗಿನ ಗಾಡಿ ಆಗಲೇ ಹೋಗಿತ್ತು, ಬಿಸಿಲು ಏರಿತ್ತು. ಆದರೆ ಕಬ್ಬು ನಿಂತಿತ್ತು! ಅದೂ ಹೊಲ ತುಂಬ ಸೂಲಂಗಿ ಬಿಟ್ಟು. ನಾನು ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ಕ್ಯಾಮೆರಾದಲ್ಲಿ ನೋಡಿದೆ. ಕೂತರೆ ಮುಂದಿನ ಸಾಲಿನ ಸೂಲಂಗಿಗಳು ಎತ್ತರಕ್ಕೆ ಬರುತ್ತಿದ್ದವು. ಅವುಗಳ ಹಿಂದೆ ಕರೆಂಟಿನ ಕಂಬಗಳೆಲ್ಲ ಮುಚ್ಚಿಹೋಗುತ್ತಿದ್ದವು. ಕಂಬವಿಲ್ಲದ ಪೂಲು, ನಾನು ದಿನಾಲೂ ದಾಟಿದ ಪೂಲು, ಬೆಳ್ಳಗಿನ ಗರಿಗಳ ನಡುವೆ ತೇಲಿದಂತೆ ಕಾಣುತ್ತಿತ್ತು. ಉಳಿದದ್ದು ಇನ್ನೊಂದೇ ಆದಿತ್ಯವಾರ.

ಹೊಲದ ಮಾಲೀಕರು ಬಂದರು. ವಯಸ್ಸಾಗಿದೆ, ಟೋಪಿ ಅದೇ, ನಡಿಗೆ ಅದೇ. ಊರೆಲ್ಲ ಅವರನ್ನು ಅಣ್ಣಾ ಎನ್ನುತ್ತದೆ. ನಾನು ಯಾರ ಮಗಳು ಎಂದು ಹೇಳಿದೆ. ಅವರು ಒಂದು ಹೆಜ್ಜೆ ಹಿಂದೆ ಸರಿದು ನನ್ನನ್ನು ಪೂರ್ತಿ ನೋಡಿದರು.

"ಹಂಗಾರ ನೀವ ಆಕಿ ಮಗಳು! ಮೋಜಣಿ ಮೇಡಮ್ ಅಂದ್ರ ನೀವ ಏನ್ರಿ? ಭಾಳ ಚಲೋ ಆತು, ಭಾಳ ಚಲೋ ಆತು."

"ಅಣ್ಣಾರ, ಬರೂ ಆದಿತ್ವಾರ ಮುಂಜಾನೆ ಬರ್ತೀನ್ರಿ. ಈ ಬದುವಿನ ಮ್ಯಾಲ ಕುಂತ ಒಂದ ಫೋಟೋ ತಗೀತೀನಿ. ಅಲ್ಲಿತನಕ ಕಬ್ಬ ಕಡಿಸಬ್ಯಾಡ್ರಿ."

"ಕಡಸೂದೆಲ್ಲಿ ಬಂತ್ರಿ? ಕಾರ್ಖಾನಿ ಪಾಳಿನ ಬಂದಿಲ್ಲ, ಕಡ್ಯಾವರ ಟೋಳಿನೂ ಸಿಕ್ಕಿಲ್ಲ. ನಿಂತೈತಿ ನೋಡ್ರಿ ಹಿಂಗ." ಅವರು ಸೂಲಂಗಿಯ ಕಡೆ ನೋಡಿ ಮುಖ ತಿರುಗಿಸಿದರು. "ಫೋಟೋ ಪೇಪರಿನ್ಯಾಗ ಬರತೈತೇನ್ರಿ?"

"ಕಳಸಬೇಕಂತ ಮಾಡೀನ್ರಿ. ಬಂದರ ಬರಬಹುದು."

"ಪೇಪರಿನ್ಯಾಗ!" ಎಂದರು ಅವರು, ಮೆಲ್ಲಗೆ.

ಆ ಮಾತು ಎಲ್ಲಿ ಹೋಗಿ ನಾಟಿತು ಎಂದು ಆಗ ನನಗೆ ತಿಳಿಯಲಿಲ್ಲ.

ಅವ್ವನಿಗೆ ಹೇಳಿದೆ. ಮಂಡಿ ನೋವಿನಿಂದ ಮನೆಯ ಹೊರಗೆ ಹೆಚ್ಚು ಹೋಗದ ಅವ್ವ, "ನಾನೂ ಬರ್ತೀನಿ" ಎಂದಳು.

"ಚಳಿ ಐತಿ, ಸ್ಕೂಟಿ ಮ್ಯಾಲ ಹೆಂಗ ಬರ್ತಿ?"

"ನೀ ಮಿರಜಿಗೆ ಹೋಗುವಾಗ ಚಳಿ ಇರ್ಲಿಲ್ಲೇನ? ಆ ಹೊಲಾ ನೋಡಿ ಭಾಳ ದಿನಾ ಆತು. ಸುಮ್ನ ಕರಕೊಂಡ ನಡಿ."

ಆ ವಾರ ಕಚೇರಿಯಲ್ಲಿ ನಕ್ಷೆಗಳ ಮೇಲೆ ಗೆರೆ ಎಳೆಯುತ್ತಾ ಕೂತರೂ ಕಣ್ಣ ಮುಂದೆ ಸೂಲಂಗಿಯೇ ಅಲುಗುತ್ತಿತ್ತು. ಕಾರ್ಖಾನೆ ಪಾಳಿ ಈ ವಾರವೇ ಬಂದುಬಿಟ್ಟರೆ? ತಂತಿಯವರು ಲಗೂನೆ ಮುಗಿಸಿದರೆ? ಮೋಡವಾದರೆ? ಒಂದು ಚಿತ್ರಕ್ಕಾಗಿ ಇಷ್ಟು ಒದ್ದಾಡುವುದು ಹುಚ್ಚು ಎಂದು ಅನ್ನಿಸುತ್ತಿತ್ತು. ಆದರೆ ಗಾಡಿಯ ಆ ಕಿಟಕಿ, ಆ ಹೊಲ, ಅವೆರಡರ ನಡುವೆ ನನ್ನ ಇಡೀ ಓದು ಇತ್ತು. ಡಿಗ್ರಿಯ ಪ್ರಮಾಣಪತ್ರ ಗೋಡೆಗೆ ತೂಗುಹಾಕಿದ್ದೇನೆ, ನಿಜ. ಅದರಲ್ಲಿ ಅವ್ವ ಎಲ್ಲಿಯೂ ಇಲ್ಲ.

ಆದಿತ್ಯವಾರ ನಸುಕಿನಲ್ಲಿ ಹೊರಟೆವು. ಅವ್ವ ಇದ್ದುದರಲ್ಲಿ ಒಳ್ಳೆಯ ಇಳಕಲ್ ಸೀರೆ ಉಟ್ಟಿದ್ದಳು, ಮೇಲೆ ನನ್ನ ಸ್ವೆಟರು, ಕಿವಿಗೆ ಮಫ್ಲರು. ದಾರಿಯಲ್ಲಿ ಮಂಜು ಎಷ್ಟು ಕವಿದಿತ್ತೆಂದರೆ ಸ್ಕೂಟಿಯ ಬೆಳಕು ಮುಂದಿನ ಚಕ್ರ ಬಿಟ್ಟು ಹೆಚ್ಚು ದೂರ ಹೋಗುತ್ತಿರಲಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳು ದೊಡ್ಡ ಪ್ರಾಣಿಗಳಂತೆ ಮಂಜಿನಿಂದ ಮೂಡಿ, ಹಾಡಿನ ಸದ್ದು ಮಾಡುತ್ತ ನಮ್ಮನ್ನು ದಾಟಿ, ಮತ್ತೆ ಮಂಜಿನಲ್ಲೇ ಕರಗುತ್ತಿದ್ದವು. ಎಲ್ಲೋ ಬೆಲ್ಲದ ಗಾಣದ ವಾಸನೆ. ಅವ್ವ ನನ್ನ ಬೆನ್ನಿಗೆ ಕೆನ್ನೆ ಹಚ್ಚಿ ಕೂತಿದ್ದಳು. ನಾವು ಎಲ್ಲಿಗೂ ಹೋಗುತ್ತಿಲ್ಲ, ದಾರಿಯೇ ನಮ್ಮ ಕೆಳಗೆ ಹಿಂದಕ್ಕೆ ಸರಿಯುತ್ತಿದೆ ಎಂದು ನನಗೆ ಅನ್ನಿಸುತ್ತಿತ್ತು.

"ಮಂಜ ಭಾಳ ಐತಿ ನೋಡು" ಎಂದಳು ಕಿವಿಯ ಹತ್ತಿರ.

"ಬೇಕಾಗಿದ್ದ ಅದವಾ."

ಹೊಲ ಮುಟ್ಟಿದಾಗ ಮೂಡಲಲ್ಲಿ ಬೆಳಕು ಹರಿಯುತ್ತಿತ್ತು. ಬದುವಿನ ಮೇಲೆ ಕೂಲಿ ಹೆಂಗಸರು ಕೆಲವರು ಸೆರಗು ಹೊದ್ದು ಕೂತಿದ್ದರು. ಅವರ ಪಕ್ಕದಲ್ಲಿ ಮಂಜಿನ ಒಂದು ಗುಡ್ಡೆ. ಹತ್ತಿರ ಹೋದ ಮೇಲೆ ಅದು ಮಂಜಲ್ಲ ಎಂದು ಗೊತ್ತಾಯಿತು. ಸೂಲಂಗಿ. ಮುರಿದು ಒಟ್ಟಿದ ಸೂಲಂಗಿಯ ರಾಶಿ.

ನಾನು ಕತ್ತೆತ್ತಿ ಕಬ್ಬನ್ನು ನೋಡಿದೆ. ಹಳಿಯ ಕಡೆ, ಹೊಳೆಯ ಕಡೆ, ನಾನು ಕೂರಬೇಕಾದ ಜಾಗದ ಮುಂದೆ, ಕಣ್ಣು ಹೋದಷ್ಟು ದೂರ ಒಂದೂ ಸೂಲಂಗಿ ಇರಲಿಲ್ಲ. ಕಬ್ಬು ತಲೆ ಬೋಳಿಸಿಕೊಂಡ ಹುಡುಗರಂತೆ ಸಾಲಾಗಿ ಹಸಿರಾಗಿ ನಿಂತಿತ್ತು. ಅದರ ಹಿಂದೆ ಕರೆಂಟಿನ ಕಂಬಗಳು ಒಂದೂ ಬಿಡದೆ ಎಣಿಸುವ ಹಾಗೆ ಕಾಣುತ್ತಿದ್ದವು.

ಅಣ್ಣಾ ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಸ ಟೋಪಿ ಹಾಕಿಕೊಂಡು ಬಂದರು.

"ಬರ್ರಿ, ಬರ್ರಿ." ಇದು ಅವ್ವನಿಗೆ.

ಅವ್ವ ಹಿಂದೆ ತಿರುಗಿ ನೋಡಿದಳು, ಬೇರೆ ಯಾರಾದರೂ ಬಂದಿದ್ದಾರೇನೋ ಎಂದು. ಅಷ್ಟು ವರ್ಷ ಅವಳು ಆ ಹೊಲದಲ್ಲಿ "ಬಾ", "ಏ", "ಲಗೂ ಲಗೂ ಕೈ ನಡಸ" ಎಂಬುದನ್ನು ಬಿಟ್ಟು ಬೇರೆ ಕೇಳಿರಲಿಲ್ಲ.

"ನನಗ ಯಾಕ ಬರ್ರಿ ಅಂತೀರಿ ಅಣ್ಣಾರ? ಬಾ ಅನ್ರಿ."

"ಮೋಜಣಿ ಮೇಡಮ್ರ ತಾಯಿಗೆ ಬಾ ಅನ್ನಾಕ ನನಗೇನ ತಲಿ ಕೆಟ್ಟೈತಿ?" ಅವರು ನಕ್ಕರು. ನನ್ನ ಕಡೆ ತಿರುಗಿ ಕೈ ಚಾಚಿ ಹೊಲ ತೋರಿಸಿದರು. "ಹೆಂಗ ಆಗೈತ್ರಿ ಮೇಡಮ್ರ? ನಿನ್ನಿ ಮಧ್ಯಾಹ್ನದಿಂದ ಹಚ್ಚಿದ್ದೆ. ನಿಮ್ಮ ಫೋಟೋಕ್ಕಂತನ ಸ್ವಚ್ಛ ಮಾಡಸೇನಿ."

ನನ್ನ ಬಾಯಿಂದ ಒಂದೇ ಮಾತು ಬಂತು. "ಯಾಕ್ರಿ?"

"ಸೂಲಂಗಿ ಬಿಟ್ಟ ಕಬ್ಬ ಪೇಪರಿನ್ಯಾಗ ಬಂದ್ರ ಮಂದಿ ಏನ ಅಂದಾರು? ಒಳಗ ಬೆಂಡ ಆಗೈತಿ, ಮಾಲೀಕಗ ಹೊತ್ತಿಗೆ ಕಡಸೂದ ಗೊತ್ತಿಲ್ಲ ಅಂತಾರ. ನನ್ನ ಮರ್ಯಾದಿ ಇರ್ಲಿ, ನಿಮ್ಮ ಫೋಟೋದ ಮರ್ಯಾದಿ ಹೊಕ್ಕಿತ್ತಲ್ರಿ. ನಮ್ಮ ಹೊಲದಾಗ ದುಡದಾಕಿ ಮಗಳು ಅಷ್ಟ ದೂರದಿಂದ ಬಂದ ಫೋಟೋ ತಗ್ಯಾಕತ್ತಾಳ, ಹೊಲಾ ಹಂಗ ತೋರಸಾಕ ಆಗತೈತೇನು?"

ನನಗೆ ಬೇಕಾಗಿದ್ದ ಚೆಲುವು ಅವರಿಗೆ ನಾಚಿಕೆಯ ಸಂಗತಿಯಾಗಿತ್ತು. ಕಬ್ಬಿನ ನಾಡಿನಲ್ಲೇ ಹುಟ್ಟಿದ ನನಗೆ ಇದು ಹೊಳೆಯಬೇಕಿತ್ತು. ಮನೆಗೆ ಬೀಗರು ಬರುತ್ತಾರೆಂದು ಪಡಸಾಲೆ ಸಾರಿಸಿದ ಹಾಗೆ ಅವರು ಹೊಲ ಸಾರಿಸಿಟ್ಟಿದ್ದರು. "ಭಾಳ ಚಂದ ಆಗೈತ್ರಿ ಅಣ್ಣಾರ" ಎಂದೆ. ದನಿ ಒಡೆಯಿತು. ಅವರು ಅದನ್ನು ಚಳಿ ಎಂದುಕೊಂಡು ಮನೆಯ ಕಡೆ ಕೂಗಿ ಚಹಾ ತರಿಸಿದರು. ಚಹಾದ ಜೊತೆ ಉಳ್ಳಾಗಡ್ಡಿ ಇಲ್ಲದ ಒಗ್ಗರಣೆ ಅವಲಕ್ಕಿ.

ಅವ್ವ ತಟ್ಟೆ ಹಿಡಿದುಕೊಂಡು ಕೂಲಿ ಹೆಂಗಸರ ನಡುವೆಯೇ ಹೋಗಿ ಕೂತಳು. ಇಬ್ಬರು ಮೂವರು ಅವಳ ಹಳೆಯ ಜೋಡಿನವರು.

"ಏನವಾ, ಸ್ವೆಟರ ಹಾಕ್ಕೊಂಡ ಸಾವ್ಕಾರ್ತಿ ಆಗೀಯಲ್ಲ!" ಎಂದಳು ಒಬ್ಬಳು.

"ಮಗಳ ಸ್ವೆಟರ. ತೋಳ ನೋಡು, ನನಗ ಎರಡ ಗೇಣ ಹೆಚ್ಚಿಗಿ."

"ಮತ್ತ ಹೊಳ್ಳಿ ಕೆಲಸಕ್ಕ ಬಾ. ಆ ಕಡಿ ತುದಿಗೆ ಸೂಲಂಗಿ ಮುರ್ಯೂದು ಇನ್ನೂ ಬಾಕಿ ಐತಿ."

"ಅವು ಮುರದದ್ದ ನೋಡಿ ನನ್ನ ಮಗಳ ಮಾರಿ ಮುರದೈತಿ" ಎಂದಳು ಅವ್ವ, ದನಿ ತಗ್ಗಿಸಿ. ನನಗೆ ಕೇಳಿಸಿತು. ಅವಳಿಗೆ ಎಲ್ಲ ತಿಳಿದಿತ್ತು.

ನಾನು ಸ್ಟ್ಯಾಂಡು ಊರದೆ ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಪಕ್ಕ ಕೂತೆ. ಹೊಳೆಯಿಂದ ಮಂಜು ಏರಿ ಪೂಲಿನ ಕಲ್ಲಿನ ಕಾಲುಗಳನ್ನು ಮುಚ್ಚುತ್ತಿತ್ತು. ಬೆಳ್ಳಕ್ಕಿಗಳು ಸದ್ದಿಲ್ಲದೆ ಮೇಲೆ ಹಾದುಹೋದವು. ಪೂಲಿನ ಆಚೆ ಪಕ್ಕದ ಹಳಿಯ ಮೇಲೆ ಏಣಿ ಹೊತ್ತ ಒಂದು ಸಣ್ಣ ಗಾಡಿ ನಿಂತಿತ್ತು, ತಂತಿಯವರದು. ಅದರ ಹಳದಿ ಬಣ್ಣ ಮಂಜಿನಲ್ಲಿ ಮಾಸಿ ಒಂದು ದೀಪದಂತೆ ಕಾಣುತ್ತಿತ್ತು. ಬೇರೆ ದಿನವಾಗಿದ್ದರೆ ಅದನ್ನೂ ತೆಗೆಯುತ್ತಿದ್ದೆ. ಖಾಲಿ ಪೂಲಿನ ಒಂದು ಚಿತ್ರ ತೆಗೆದೆ, ಕೈ ಸುಮ್ಮನಿರಲಾರದೆ. ಕಂಬಗಳು, ಬೋಳು ಕಬ್ಬು, ಮೇಲೆ ಬೂದಿ ಬಣ್ಣದ ಆಕಾಶ. ಅಚ್ಚುಕಟ್ಟಾಗಿತ್ತು. ಅದರಲ್ಲಿ ಏನೂ ಇರಲಿಲ್ಲ.

"ಅವ್ವಾ, ನೀ ಎಲ್ಲಿ ನಿಂದರತಿದ್ದಿ?"

"ಇಲ್ಲೇ. ಇದ ಬದುವಿನ ಮ್ಯಾಲ."

"ನಾ ಕಂಡ ಕೂಡ್ಲೆ ಸೂಲಂಗಿ ಬೀಸತಿದ್ದಿ, ಹೌದಿಲ್ಲೊ?"

ಅವ್ವ ಅವಲಕ್ಕಿಯ ಕೊನೆಯ ಕಾಳನ್ನು ಬಾಯಿಗೆ ಹಾಕಿಕೊಂಡಳು. "ನೀ ಎಂದ ಕಂಡಿದ್ದಿ?"

"ಅಂದ್ರ?"

"ಅಯ್ಯ ಹುಚ್ಚಿ, ಅಷ್ಟ ಉದ್ದನ ಗಾಡಿ, ಅಷ್ಟ ಕಿಡಕಿ. ಧಡಧಡ ಹೋಗೂದ್ರಾಗ ನಿನ್ನ ಮಾರಿ ಎಲ್ಲಿಂದ ಕಾಣಬೇಕು? ಒಂದ ದಿನಾನೂ ಕಂಡಿಲ್ಲ."

"ಮತ್ತ ಸಂಜೀಕ ಕಂಡಿ ಕಂಡಿ ಅಂತಿದ್ದಿ?"

"ಅನ್ನಬೇಕಲ್ಲ. ಇಲ್ಲಾ ಅಂದ್ರ ನೀ ಇನ್ನಷ್ಟ ಹೊರಗ ಬಗ್ಗತಿದ್ದಿ."

"ಹಂಗಾರ ಯಾರಿಗೆ ಬೀಸತಿದ್ದಿ?"

"ಗಾಡಿಗೆ. ನೀ ಅದರಾಗ ಇರ್ತಿದ್ದಿ ಅಲ್ಲ" ಎಂದು ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು.

ನಾನು ಹೊಳೆಯ ಕಡೆ ನೋಡುತ್ತಾ ಕೂತೆ. ನನ್ನನ್ನು ನೋಡುತ್ತಿದ್ದವು ಎಂದು ಇಷ್ಟು ವರ್ಷ ನಾನು ನಂಬಿದ್ದ ಕಣ್ಣುಗಳು ನೋಡಿದ್ದು ಒಂದು ಓಡುವ ಗಾಡಿಯನ್ನು ಮಾತ್ರ. ಆದರೂ ನನಗೆ ಏನೂ ಕಡಿಮೆಯಾದ ಹಾಗೆ ಅನ್ನಿಸಲಿಲ್ಲ. ಮಂಜಿನೊಳಗೆ ಮಂಜು ಸರಿದ ಹಾಗೆ ಒಂದು ನೆನಪು ಇನ್ನೊಂದರೊಳಗೆ ಸರಿದು ಕೂತಿತು, ಅಷ್ಟೇ.

ಅಷ್ಟರಲ್ಲಿ ಕಾಲಡಿಯ ನೆಲ ಸಣ್ಣಗೆ ಗುನುಗಿತು. ಕುಡಚಿಯ ಕಡೆಯಿಂದ ಹಾರ್ನು. ಅದೇ ಡೀಸೆಲ್ ಇಂಜಿನ್ನಿನ ಗಂಟಲು ಕಟ್ಟಿದಂಥ ದನಿ. "ಬಂತ ನೋಡ್ರಿ ಮೇಡಮ್ರ, ಏಳ್ರಿ, ಏಳ್ರಿ!" ಎಂದು ಅಣ್ಣಾ ಓಡಿ ಬಂದು ಟೋಪಿ ಸರಿಮಾಡಿಕೊಂಡು ತಮ್ಮ ಸ್ವಚ್ಛ ಕಬ್ಬಿನ ಮುಂದೆ ಎದೆ ಸೆಟೆದು ನಿಂತರು. ನಾನು ಎದ್ದು ಹಿಂದಕ್ಕೆ ಸರಿದು ಕ್ಯಾಮೆರಾ ಕಣ್ಣಿಗೆ ಹಿಡಿದೆ. ಬೋಳು ಕಬ್ಬು, ಕಂಬಗಳು, ಪೂಲು. ಇರಲಿ, ಬಂದಷ್ಟು ಬರಲಿ.

ಆಗ ಅವ್ವ ಎದ್ದಳು. ಮಂಡಿ ಹಿಡಿದುಕೊಂಡು, ಒಂದು ಕೈ ಊರಿ, ನಿಧಾನಕ್ಕೆ. ರಾಶಿಯಿಂದ ಒಂದು ಸೂಲಂಗಿ ಎತ್ತಿಕೊಂಡಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಚಿತ್ರದ ವಿಚಾರ ಅವಳ ತಲೆಯಲ್ಲಿ ಇರಲಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಗಾಡಿ ಬಂದರೆ ಏಳಬೇಕು, ಎದ್ದರೆ ಬೀಸಬೇಕು, ಅವಳ ಮೈಗೆ ಅಷ್ಟು ಗೊತ್ತಿತ್ತು. ತೋಳಿಗೆ ದೊಡ್ಡದಾದ ನನ್ನ ಸ್ವೆಟರಿನಿಂದ ಅವಳ ಕೈ ಮೇಲಕ್ಕೆ ಬಂತು. ಬೆಳ್ಳಿಯ ಗರಿ ಆ ಕಡೆ ಈ ಕಡೆ ಆಡಿತು.

"ಏ, ಇಕೀಗೆ ಹಳೇ ಚಟಾ ಬಿಟ್ಟಿಲ್ಲ ನೋಡ್ರೆ!" ಎಂದು ಜೋಡಿನವಳು ಒಬ್ಬಳು ನಕ್ಕಳು. ನಕ್ಕವಳೇ ತಾನೂ ಒಂದು ಎತ್ತಿಕೊಂಡಳು. ಆಮೇಲೆ ಇನ್ನೊಬ್ಬಳು. ಬದುವಿನ ಮೇಲೆ ಸೂಲಂಗಿಗಳು ಒಂದರ ಪಕ್ಕ ಒಂದು ಎದ್ದು ನಿಂತವು. ನಿನ್ನೆ ಮುರಿದ ಕೈಗಳೇ ಅವನ್ನು ಮೇಲೆತ್ತಿ ಹಿಡಿದಿದ್ದವು.

ಇಂಜಿನ್ನು ಮಂಜಿನಿಂದ ಹೊರಗೆ ಬಂತು. ನಾನು ಗುಂಡಿ ಒತ್ತಿದೆ, ಒತ್ತುತ್ತಲೇ ಇದ್ದೆ. ಏನು ಹಿಡಿದೆ, ಏನು ಬಿಟ್ಟೆ, ಒಂದೂ ಗೊತ್ತಾಗಲಿಲ್ಲ. ಪೂಲಿನ ಕಬ್ಬಿಣ ಗುಡುಗಿತು, ಡಬ್ಬಿಗಳು ಒಂದಾದ ಮೇಲೆ ಒಂದು ಬೆಳಕಿನ ಚೌಕಗಳನ್ನು ಎಳೆದುಕೊಂಡು ಹೋದವು, ಕೊನೆಯ ಡಬ್ಬಿ ಮಂಜಿನ ಒಳಗೆ ಹೊಕ್ಕಿತು. ಹೊಳೆಯ ಮೇಲೆ ಸದ್ದು ಇನ್ನೂ ಸ್ವಲ್ಪ ಹೊತ್ತು ತೇಲುತ್ತಿತ್ತು. ಅವ್ವ ಕೈ ಇಳಿಸಲಿಲ್ಲ, ಸದ್ದು ಮುಗಿಯುವ ತನಕ.

ಆ ವಾರ ತಂತಿ ಬಂತು. ಈಗ ಬೆಳಗಿನ ಗಾಡಿಗೆ ಕರೆಂಟಿನ ಇಂಜಿನ್ನು; ಬಂದದ್ದು ಗೊತ್ತಾಗುವುದಿಲ್ಲ, ಹೋದದ್ದು ಗೊತ್ತಾಗುವುದಿಲ್ಲ.

ತೆಗೆದ ಚಿತ್ರಗಳಲ್ಲಿ ಒಂದನ್ನು ಇಟ್ಟುಕೊಂಡಿದ್ದೇನೆ. ಕಲಿಸುವವರು ಯಾರಾದರೂ ನೋಡಿದರೆ ಅದರಲ್ಲಿ ಬೇಕಾದಷ್ಟು ತಪ್ಪು ಹುಡುಕಬಹುದು. ಚೌಕಟ್ಟು ಓರೆಯಾಗಿದೆ. ಅಣ್ಣಾರ ಅರ್ಧ ಟೋಪಿ ಒಂದು ಮೂಲೆಯಲ್ಲಿದೆ. ಅವ್ವನ ಸೂಲಂಗಿ ಅಡ್ಡ ಬಂದು ಇಂಜಿನ್ನನ್ನೂ, ಎಲ್ಲಕ್ಕಿಂತ ಹತ್ತಿರದ ಕಂಬವನ್ನೂ ಪೂರ್ತಿ ಮುಚ್ಚಿಬಿಟ್ಟಿದೆ. ಉಳಿದ ಕಂಬಗಳು ಹೆಂಗಸರ ಗರಿಗಳ ನಡುವೆ ಎಲ್ಲಿಯೋ ಸೇರಿಹೋಗಿವೆ. ಪೂಲಿನ ಮೇಲೆ ಡಬ್ಬಿಗಳು ಮಾತ್ರ ಇವೆ, ಯಾರೂ ಎಳೆಯದೆ ತಾವೇ ತೇಲಿ ಹೊರಟ ಹಾಗೆ.

ಪೇಪರಿಗೆ ಕಳಿಸಲಿಲ್ಲ. ಅಣ್ಣಾರಿಗೆ ಒಂದು ದೊಡ್ಡ ಪ್ರತಿ ಮಾಡಿಸಿ ಕೊಟ್ಟೆ. ಅವರು ಕನ್ನಡಕ ಏರಿಸಿ, ಬಿಸಿಲಿಗೆ ಹಿಡಿದು, ಬಹಳ ಹೊತ್ತು ನೋಡಿದರು.

"ಅಲ್ರಿ ಮೇಡ​ಮ್ರ, ಅಷ್ಟ ಆಳ ಹಚ್ಚಿ ಮುರಿಸಿದ್ನಿ. ಆದ್ರೂ ಸೂಲಂಗಿ ಬಂದ ಬಿಟ್ಟಾವಲ್ರಿ!"

"ಬಂದಾವ್ರಿ ಅಣ್ಣಾರ."

"ಹೋಗ್ಲಿ ಬಿಡ್ರಿ" ಎಂದರು. "ಪಾಪ, ಚಂದ ಕಾಣತಾವ." ಹಾಗೆಂದು ತಾವೇ ಹೇಳಿದ್ದಕ್ಕೆ ಗಲಿಬಿಲಿಯಾಗಿ ಕಬ್ಬಿನ ಕಡೆ ಹೊರಟುಹೋದರು.

ಅವ್ವನಿಗೆ ಮಾತ್ರ ಆ ದಿನವೇ, ಹೊಲದ ಬದುವಿನ ಮೇಲೆಯೇ, ಕೆಟ್ಟ ಚಿತ್ರಗಳನ್ನೆಲ್ಲ ಅಳಿಸಿ, ಕ್ಯಾಮೆರಾದ ಹಿಂದಿನ ಪರದೆಯಲ್ಲಿ ತೋರಿಸಿದ್ದೆ. ಬಿಸಿಲು ಬಿದ್ದು ಸರಿಯಾಗಿ ಕಾಣಲಿಲ್ಲವೆಂದು ಸೆರಗಿನ ಕೆಳಗೆ ತಲೆಗೆ ತಲೆ ಹಚ್ಚಿ ಇಬ್ಬರೂ ನೋಡಿದೆವು.

"ನನ್ನ ಮಾರಿನ ಬಂದಿಲ್ಲಲ್ಲ! ಬರೇ ಬೆನ್ನ" ಎಂದಳು ಮೊದಲು. ಆಮೇಲೆ, "ನೀ ಕೂಡತಿದ್ದ ಕಿಡಕಿ ಯಾವದು?" ಎಂದು ಕೇಳಿದಳು.

ನಾನು ತೋರಿಸಿದೆ. ನಡುವಿನ ಡಬ್ಬಿ, ಬಾಗಿಲಿಗೆ ಹತ್ತಿಕೊಂಡದ್ದು. ಜೋಳದ ಕಾಳಿಗಿಂತ ಸಣ್ಣದೊಂದು ಚೌಕ.

ಅವ್ವ ಕಣ್ಣು ಕಿರಿದು ಮಾಡಿ ಮುಂದಕ್ಕೆ ಬಗ್ಗಿದಳು. ಕಬ್ಬಿನ ಗರಿಗೆ ಸಿಕ್ಕಿ ಸಿಕ್ಕಿ ಬಿರುಸಾದ ಬೆರಳನ್ನು ಆ ಚೌಕದ ಮೇಲೆ ಇಟ್ಟಳು. ಬೆರಳು ತಾಗಿದ್ದೇ ತಡ, ಪರದೆ ಸರಿಯಿತು. ಗಾಡಿ, ಕಿಟಕಿ, ಸೂಲಂಗಿ ಎಲ್ಲ ಒಂದು ಬದಿಗೆ ಜಾರಿ ಹೋಗಿ, ನಾನು ಮೊದಲು ತೆಗೆದಿದ್ದ ಖಾಲಿ ಪೂಲು ಬಂದು ನಿಂತಿತು.

"ಹೋತ ನೋಡು ಗಾಡಿ" ಎಂದಳು ಅವ್ವ. ಬೆರಳನ್ನು ಮಾತ್ರ ತೆಗೆಯಲಿಲ್ಲ.